ಹಡೆದಾಕಿ ಹಡೆದಾಕಿಯೇ
(ಹಿರೇಕೆರೂರಿನ ಸಭೆಯಲ್ಲಿ ಮಾಡಿದ ಭಾಷಣ)



ಹಾನಗಲ್ಲಿಗೆ ಹೋದರೂ ಸವಣೂರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಬ್ಯಾನಿ ತಿನ್ನಲಿಲ್ಲ, ಹೊಟ್ಟಿ ಕೊಯ್ಸಿಕೊಂಡಳು. ಅದೇನು ಹಡೆದಂಗಾತೇನು?" ಶಿಗ್ಗಾವಿಯ ಕಡೆಯ ಒಬ್ಬ ತಂಗಿ ಕಣ್ಣೀರು ತಂದು ಹೇಳಿದಳು: "ಅಣ್ಣಾರ, ಕೂಸು ನಂದ. ಆದರ ಹಡೆದೆ ಅನ್ನಾಕ ಬಾಯಿ ಬರವಲ್ದು."

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 31 ಸಿಜೇರಿಯನ್. ಇವರೆಲ್ಲ ತಾಯಂದಿರಲ್ಲವೇ? ಬೇಡದ ಕಡೆ ಕೊಯ್ದು ಬಿಲ್ಲು ಬೆಳೆಸುವವರನ್ನು ಕೇಳೋಣ. ಆ ಸಿಟ್ಟನ್ನು ಬಾಣಂತಿಯ ಮೇಲೆ ತೀರಿಸುವುದು ಬೇಡ.

1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಯ್ದ ಹೆರಿಗೆ, ಸಹಜ ಹೆರಿಗೆ ಎಂದು ಭೇದ ಮಾಡಲಿಲ್ಲ. 2017ರಲ್ಲಿ ಎರಡು ಮಕ್ಕಳವರೆಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿದಾಗಲೂ ಇಬ್ಬರಿಗೂ ಒಂದೇ ಲೆಕ್ಕ. ಕಾಯಿದೆ ಮಾಡದ ಭೇದವನ್ನು ನಮ್ಮ ಪಡಸಾಲೆ ಏಕೆ ಮಾಡಬೇಕು?

ಒಂಬತ್ತು ತಿಂಗಳು ಹೊತ್ತು, ಹೊಲಿಗೆಯ ನೋವಿನಲ್ಲೇ ಹಾಲು ಕುಡಿಸಿದಾಕಿ ಹಡೆದಾಕಿಯೇ. ಇಂದು ರಾತ್ರಿ ಮನೆಯಲ್ಲಿ ಸೊಸೆಗೆ ಇಷ್ಟು ಹೇಳಿರಿ.