ಕೊನೆಯ ನುಡಿಯ ಹೆಸರು

ಅಮಾವಾಸ್ಯೆಯ ರಾತ್ರಿ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಸಂಚರಿಸುವವರಿಗೆ ಒಂದಲ್ಲ ಒಂದು ಊರಿನ ಮಠದಿಂದ ಭಜನೆಯ ಧ್ವನಿ ಕೇಳಿಬರುವುದುಂಟು. ಒಬ್ಬರ ಕೈಯಲ್ಲಿ ಏಕತಾರಿ, ಇನ್ನೊಬ್ಬರಲ್ಲಿ ದಮ್ಮಡಿ, ಉಳಿದವರಲ್ಲಿ ತಾಳ. ಅನುಕೂಲವಿದ್ದ ಕಡೆ ಹಾರ್ಮೋನಿಯಂ ಕೂಡ ಇದ್ದೀತು. ಮೊದಲನೆಯವರು ಒಂದು ಸಾಲನ್ನು ಹೇಳುತ್ತಾರೆ. ಕೂಡಿದವರೆಲ್ಲ ಅದನ್ನು ಹಿಡಿದುಕೊಂಡು ಮರಳಿ ಹೇಳುತ್ತಾರೆ. ಹಗಲೆಲ್ಲ ತೊಗರಿಯ ಹೊಲದಲ್ಲಿ ದುಡಿದವರು ಬೆಳಗಿನ ಜಾವದವರೆಗೆ ಹೀಗೆ ಹಾಡುತ್ತ ಕೂಡುವುದು ಈ ನಾಡಿನಲ್ಲಿ ಹೊಸದಲ್ಲ. ಅವರು ಹಾಡುವ ಪದಗಳಲ್ಲಿ ಎಷ್ಟೋ ಪದಗಳಿಗೆ ನೂರೈವತ್ತು ವರ್ಷಗಳಿಗೂ ಮಿಕ್ಕ ವಯಸ್ಸು. ಅಚ್ಚಿನ ಪುಸ್ತಕವಿಲ್ಲದೆ, ಸ್ವರಲಿಪಿಯಿಲ್ಲದೆ, ರಾಜಾಶ್ರಯವಿಲ್ಲದೆ ಇವು ಉಳಿದ ಬಗೆ ಯಾವುದು? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಈ ಸೀಮೆಯ ತತ್ತ್ವಪದಗಳೆಂದೊಡನೆ ನೆನಪಾಗುವ ಹೆಸರು ಕಡಕೋಳ ಮಡಿವಾಳಪ್ಪನವರದು. ಅಫಜಲಪುರ ತಾಲೂಕಿನ ಬಿದನೂರು ಅವರ ಹುಟ್ಟೂರು. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳ ಅವರು ನೆಲೆನಿಂತ ಊರು. ಆಚಾರವಂತರ ವಿರೋಧವನ್ನು ಎದುರಿಸಿ, ಜಾತಿಯ ಗೋಡೆಯನ್ನು ಮಾತಿನಲ್ಲೂ ನಡೆಯಲ್ಲೂ ಒಡೆದವರೆಂದು ಪರಂಪರೆ ಅವರನ್ನು ನೆನೆಯುತ್ತದೆ. ಅವರ ಶಿಷ್ಯರ ಹೆಸರುಗಳನ್ನು ಸುಮ್ಮನೆ ಒಮ್ಮೆ ಹೇಳಿಕೊಂಡರೂ ಸಾಕು: ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ. ಪ್ರತಿ ಹೆಸರಿನ ಮುಂದೆಯೂ ಒಂದು ಊರಿದೆ. ಹೆಸರುಗಳಲ್ಲಿ ಒಂದಕ್ಕಿಂತ ಹೆಚ್ಚು ಮತಗಳಿವೆ. ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದಕ್ಕೂ ದತ್ತನ ಗಾಣಗಾಪುರವಿರುವ ಅಫಜಲಪುರಕ್ಕೂ ಇಂಥ ಬಳಗ ಅಪರಿಚಿತವಾಗಿ ಕಾಣುವುದಿಲ್ಲ.

ಈ ಪದಗಳು ಬಾಳಿದ ಕಾಲವನ್ನೂ ನೆನೆಯಬೇಕು. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಕನ್ನಡ ನಾಡಿನೊಡನೆ ಕೂಡಿತು. ಅದಕ್ಕೆ ಮುಂಚಿನ ತಲೆಮಾರುಗಳಿಗೆ ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠದ ಭಾಷೆಯೂ ಉರ್ದುವೇ. ಕಾಗದದ ಮೇಲೆ ಕನ್ನಡಕ್ಕೆ ಎಡೆ ಕಿರಿದಾಗಿದ್ದ ಆ ದಿನಗಳಲ್ಲಿ ಭಜನೆಯ ಮಠ ಕನ್ನಡದ ಶಾಲೆಯಾಯಿತು ಎಂದರೆ ಅತಿಶಯೋಕ್ತಿಯಾಗಲಾರದು. ಅಕ್ಷರ ಕಲಿಯದವನೂ ಅಲ್ಲಿ ಅಲ್ಲಮನ ಬೆಡಗಿನ ಮೊಮ್ಮಗನಂತಿರುವ ಒಗಟಿನ ಮಾತನ್ನು ಕಲಿತ. ದೇಹವೆಂಬ ಮನೆ, ಉಸಿರೆಂಬ ಒಕ್ಕಲು ಮೊದಲಾದ ರೂಪಕಗಳನ್ನು ಬಾಯಲ್ಲಿ ತುಂಬಿಕೊಂಡ. ಉರ್ದು, ಫಾರಸಿ ಶಬ್ದಗಳನ್ನು ಪದಗಳು ದೂರವಿಡಲಿಲ್ಲ. ಅವನ್ನೂ ಒಳಕರೆದು ಕನ್ನಡದ ಪಂಕ್ತಿಯಲ್ಲಿ ಕೂಡಿಸಿದವು.

ಆದರೆ ಅರ್ಥದ ಬಲದಿಂದಲೇ ಹಾಡು ಉಳಿಯುತ್ತದೆಂದು ನಂಬುವುದು ನಮ್ಮಂಥ ಓದುವವರ ದೌರ್ಬಲ್ಯ. ತತ್ತ್ವಪದದ ಕಟ್ಟಡವನ್ನು ನೋಡಿ. ಮೊದಲು ಪಲ್ಲ, ಆಮೇಲೆ ನುಡಿ. ಒಂದೊಂದು ನುಡಿ ಮುಗಿದಾಗಲೂ ಪಲ್ಲ ಮರಳಿ ಬರುತ್ತದೆ. ನುಡಿಯನ್ನು ಮರೆತವನಿಗೂ ಪಲ್ಲ ಗೊತ್ತಿರುತ್ತದೆ. ಆದುದರಿಂದ ಆ ರಾತ್ರಿ ಮಠದೊಳಗೆ ಬಂದು ಕುಳಿತ ಯಾವನೂ ಬರಿಯ ಕೇಳುಗನಾಗಿ ಉಳಿಯುವುದಿಲ್ಲ. ನಿಧಾನವಾಗಿ ತೊಡಗಿದ ಪದ, ದಮ್ಮಡಿಯ ಪೆಟ್ಟು ಬಿಗಿಯಾದಂತೆ, ವೇಗವನ್ನು ಪಡೆಯುತ್ತದೆ. ಕೊನೆಗೆ ಮಾತು ಯಾವುದು, ತಾಳ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಅರ್ಥ ತಿಳಿಯುವ ಮುನ್ನವೇ ಪದ ಮೈಗೆ ತಿಳಿದಿರುತ್ತದೆ. ಹತ್ತು ವರ್ಷದ ಹುಡುಗ ಹಾಡುತ್ತ ಬೆಳೆದದ್ದನ್ನು ಅರುವತ್ತರ ಮುದುಕ ಅರಿತುಕೊಳ್ಳುತ್ತಾನೆ. ನಡುವಿನ ಐವತ್ತು ವರ್ಷ ಆ ಪದವನ್ನು ಕಾದಿರಿಸಿದ್ದು ತಾಳ.

ಈ ಮಾತಿಗೆ ಬಹುದೂರದ ಒಂದು ನಿದರ್ಶನವುಂಟು. ಅಮೆರಿಕದ ಕರಿಯ ಜನರ ಸಂಗೀತದಲ್ಲಿ ಫಂಕ್ ಎಂಬ ಪ್ರಕಾರವೊಂದಿದೆ. ಅದನ್ನು ರೂಪಿಸಿದವರಲ್ಲಿ ಜೇಮ್ಸ್ ಬ್ರೌನ್ ಅಗ್ರಗಣ್ಯರು. ರಾಗದ ಏರಿಳಿತಕ್ಕಿಂತ ಆವರ್ತದ ಮೊದಲ ಪೆಟ್ಟಿಗೆ ಅಲ್ಲಿ ಹೆಚ್ಚಿನ ಮಹತ್ವ. ಗಿಟಾರು, ತುತ್ತೂರಿಗಳೆಲ್ಲ ಚರ್ಮವಾದ್ಯಗಳಂತೆಯೇ ವರ್ತಿಸುತ್ತವೆ. 1969ರ ನವೆಂಬರಿನಲ್ಲಿ ಸಿನ್ಸಿನಾಟಿ ನಗರದಲ್ಲಿ ಬ್ರೌನ್ ಅವರ ಮೇಳ ‘ಫಂಕಿ ಡ್ರಮರ್’ ಎಂಬ ಹಾಡನ್ನು ಧ್ವನಿಮುದ್ರಿಸಿತು. ಹಾಡಿನ ನಡುವೆ ಒಂದು ಕಡೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಸುಮಾರು ಇಪ್ಪತ್ತು ಸೆಕೆಂಡುಗಳ ಕಾಲ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ವಾದಕ ಒಬ್ಬನೇ ಡ್ರಮ್ ನುಡಿಸುತ್ತಾನೆ. 1970ರಲ್ಲಿ ಹೊರಬಂದಾಗ ಆ ಹಾಡು ಭಾರಿ ಜಯವನ್ನೇನೂ ಗಳಿಸಲಿಲ್ಲ. ಆದರೆ 1980ರ ದಶಕದಲ್ಲಿ, ಹಳೆಯ ಮುದ್ರಣದ ತುಣುಕನ್ನು ಕತ್ತರಿಸಿ ಹೊಸ ಹಾಡಿಗೆ ಹೊಲಿಯಬಲ್ಲ ಯಂತ್ರಗಳು ಬಂದ ಬಳಿಕ, ರ್‍ಯಾಪ್ ಹಾಡುಗಾರರಿಗೆ ಆ ಇಪ್ಪತ್ತು ಸೆಕೆಂಡು ಅಕ್ಷಯಪಾತ್ರೆಯಾಯಿತು. ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಅದು ಬಳಕೆಯಾಗಿದೆಯೆಂದು ಎಣಿಸಿದವರುಂಟು. 1989ರ ‘ಫೈಟ್ ದ ಪವರ್’ ಎಂಬ ಪ್ರತಿಭಟನೆಯ ಹಾಡಿನಲ್ಲಿಯೂ ಅದರ ಪೆಟ್ಟಿದೆ.

ಇಷ್ಟಾದರೂ ಹಾಡಿನ ಕರ್ತೃವೆಂದು ದಾಖಲಾದದ್ದು ಬ್ರೌನ್ ಒಬ್ಬರ ಹೆಸರು. ಡ್ರಮ್ ನುಡಿಸಿದವನಿಗೆ ದೊರೆತದ್ದು ಮೇಳದ ಸಂಬಳ. ಲೋಕವೆಲ್ಲ ಆತನ ಕೈಯ ಪೆಟ್ಟಿಗೆ ತಲೆದೂಗಿತು. ಆತ ಯಾರೆಂದು ಬಹುಕಾಲ ಕೇಳಲಿಲ್ಲ. 2017ರ ಫೆಬ್ರವರಿಯಲ್ಲಿ ಆತ ತೀರಿಕೊಂಡ. ಅಷ್ಟು ಹೊತ್ತಿಗೆ ತಿಳಿದವರ ವಲಯದಲ್ಲಿ ಹೆಸರು ಬಂದಿತ್ತು, ಗೌರವವೂ ಬಂದಿತ್ತು. ಬರಬೇಕಾದ ಹಣದ ಮಾತು ಬೇರೆ.

ಈ ಕಥೆಯನ್ನು ಓದಿದಾಗ ನನಗೆ ನಮ್ಮ ಪದಕಾರರ ಜಾಣತನ ಹೊಸದಾಗಿ ಹೊಳೆಯಿತು. ಅವರು ತಮ್ಮ ಹೆಸರನ್ನೋ ಗುರುವಿನ ಹೆಸರನ್ನೋ ಹಾಡಿನ ಹೊರಗೆ ಬರೆದಿಡಲಿಲ್ಲ. ಕೊನೆಯ ನುಡಿಯೊಳಗೇ ನೇಯ್ದರು. ಅದೇ ಅಂಕಿತ. ಮಡಿವಾಳಪ್ಪನವರ ಪದವನ್ನು ಪೂರ್ತಿಯಾಗಿ ಹಾಡಿದವನು ಗುರು ಮಹಾಂತನನ್ನು ನೆನೆಯದೆ ಏಳಲಾರ. ತಾಳೆಗರಿಗೆ ಗೆದ್ದಲು ಹತ್ತೀತು, ಕಾಗದ ಸುಟ್ಟೀತು. ತಾಳದ ನಡುವೆ ಕೂತ ಹೆಸರನ್ನು ತೆಗೆದರೆ ಹಾಡೇ ಕುಂಟುತ್ತದೆ. ಹಕ್ಕುಸ್ವಾಮ್ಯದ ಕಾಯಿದೆ ಕಾಣದ ಕಾಲದಲ್ಲಿ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇರೊಂದು ಇರಲಿಲ್ಲ. ಆದರೆ ಇದು ಒಡೆತನದ ದಾಖಲೆಯಲ್ಲ, ಋಣದ ದಾಖಲೆ. ಯಾರೂ ಹಾಡಬಹುದು, ಎಲ್ಲಿಯೂ ಹಾಡಬಹುದು. ಎಲ್ಲಿಂದ ಬಂತೆಂಬುದನ್ನು ಹೇಳಿದರೆ ಸಾಕು.

ಈಗ ನನ್ನನ್ನು ಕಾಡುವ ಸಂಗತಿಗೆ ಬರುತ್ತೇನೆ. 1966ರಲ್ಲಿ ತೊಡಗಿದ ನಮ್ಮ ಕಲಬುರಗಿ ಆಕಾಶವಾಣಿ, ಅನಂತರದ ಧ್ವನಿಸುರುಳಿಗಳು, ಈಚಿನ ಮೊಬೈಲುಗಳು — ಇವೆಲ್ಲ ಪದವನ್ನು ಮಠದಿಂದ ಹೊರಗೆ ತಂದು ಮನೆಮನೆಗೆ ಮುಟ್ಟಿಸಿದವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಸಿ. ಅಶ್ವತ್ಥರ ಸಂಗೀತದ ಮೂಲಕ ಶರೀಫರ ಪದಗಳು ನಾಡಿನ ಪಟ್ಟಣಗಳನ್ನೆಲ್ಲ ತುಂಬಿದವು. ಸರಕಾರದ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ತ್ವಪದಗಳ ಸಂಪುಟಗಳನ್ನು ಹೊರತಂದಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಅರ್ಧ ನಿಮಿಷದ ತುಣುಕಿನಲ್ಲಿ ಪದ ಓಡಾಡತೊಡಗಿದಾಗ ಮೊದಲು ಉದುರುವುದು ಕೊನೆಯ ನುಡಿ. ಪಲ್ಲ ಉಳಿಯುತ್ತದೆ, ತಾಳ ಉಳಿಯುತ್ತದೆ, ಅಂಕಿತ ಹೋಗುತ್ತದೆ. ಗೆದ್ದಲು ಮಾಡಲಾಗದ ಕೆಲಸವನ್ನು ನಮ್ಮ ಅವಸರ ಮಾಡುತ್ತಿದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಸಿನ್ಸಿನಾಟಿಯ ಅನ್ಯಾಯವನ್ನು ಹೇಳಿ ನಾವು ಬೀಗುವ ಹಾಗಿಲ್ಲ. ನಮ್ಮ ಪದದಲ್ಲಿ ಗುರುವಿಗೆ ಅಂಕಿತವಿದೆ, ಕವಿಗೆ ನೆನಪಿದೆ; ದಮ್ಮಡಿ ಬಾರಿಸಿದವನಿಗೆ ಏನಿದೆ? ಆ ಪದಕ್ಕೆ ಈ ಪೆಟ್ಟನ್ನು ಮೊದಲು ಕೂಡಿಸಿದವನು ಯಾರು? ತಲೆಮಾರಿನಿಂದ ತಲೆಮಾರಿಗೆ ಅದನ್ನು ಕೈಯಿಂದ ಕೈಗೆ ದಾಟಿಸಿದವರು ಯಾರು? ಆಳಂದದಲ್ಲಿಯೂ ಜೇವರ್ಗಿಯಲ್ಲಿಯೂ ಅವರ ಹೆಸರನ್ನು ಯಾವ ನುಡಿಯೂ ಹೇಳುವುದಿಲ್ಲ. ಪದಗಳ ಸಂಪುಟಗಳು ಮಾತನ್ನು ಉಳಿಸಿದವು. ಆ ಕೈಗಳ ಪೆಟ್ಟನ್ನು ಅಚ್ಚಿನಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಅದನ್ನು ಕಲಿಯುವ ದಾರಿ ಒಂದೇ: ಆ ಮುದುಕರ ಪಕ್ಕದಲ್ಲಿ ರಾತ್ರಿಯಿಡೀ ಕೂಡುವುದು.

ಆದುದರಿಂದ ನನ್ನ ಬಿನ್ನಹ ಬಹಳ ಸಣ್ಣದು. ಪದ ಹಾಡುವವರು ಕೊನೆಯ ನುಡಿಯವರೆಗೂ ಹಾಡಲಿ. ಧ್ವನಿ ಹಿಡಿಯುವವರು ಅಲ್ಲಿಯವರೆಗೂ ಹಿಡಿಯಲಿ. ಹಿಡಿದ ಮೇಲೆ ದಮ್ಮಡಿಯವನ ಹೆಸರನ್ನೂ ಊರನ್ನೂ ಕೇಳಿ ಬರೆದುಕೊಳ್ಳಲಿ. ಮುಂದಿನ ಅಮಾವಾಸ್ಯೆಗೆ ನಿಮ್ಮ ಹತ್ತಿರದ ಮಠದಲ್ಲಿ ಭಜನೆಯಿದ್ದರೆ ಹೋಗಿ ಕುಳಿತುಕೊಳ್ಳಿ. ಪಲ್ಲ ಬರುವುದಿಲ್ಲವೆಂಬ ಸಂಕೋಚ ಬೇಡ. ಎರಡನೆಯ ಸಲಕ್ಕೆ ಅದು ತಾನಾಗಿಯೇ ಬಾಯಿಗೆ ಬರುತ್ತದೆ.