ನೀರಿನ ಹಿಂದೆಯೇ ಬಸಿಗಾಲುವೆ



ನಮ್ಮ ದೇವರ ಹಿಪ್ಪರಗಿ ಸೀಮೆ ಎರೆನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬೇಕಾದಾಗ ಬಾರದು. ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ನೆಚ್ಚಿಕೊಂಡ ಒಕ್ಕಲುತನ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಹಿಂದುಳಿಯುವುದೆಂದರೇನು ಎಂಬುದನ್ನು ಮಳೆ ಕೈಕೊಟ್ಟ ವರ್ಷ ಗುಳೆ ಹೋದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟು ತುಂಬಲು ಎಷ್ಟೋ ಹಳ್ಳಿಗಳು, ಹಳೆಯ ಬಾಗಲಕೋಟೆಯ ಭಾಗವೂ ನೀರಿನಡಿ ಹೋದವು. ಇಂದು ಏತ ನೀರಾವರಿಯ ಕಾಲುವೆಗಳು ನಮ್ಮ ಜಿಲ್ಲೆಯ ಒಣನೆಲಕ್ಕೆ ಬಂದಿವೆ. ಕೆಲವರ ಹೊಲಕ್ಕೆ ನೀರು ಮುಟ್ಟಿದೆ, ಕೆಲವರು ಇನ್ನೂ ದಾರಿ ಕಾಯುತ್ತಿದ್ದಾರೆ. ಮತ್ತೊಬ್ಬರ ಮನೆ ಮುಳುಗಿ ಬಂದ ನೀರಿದು. ಇದರಿಂದ ನಮ್ಮ ಹೊಲ ಕೆಡಬಾರದು.

"ನೀರು ಬಂತಂದ್ರ ಹೊಲ ಹೆಂಗ ಕೆಡತೈತಿ ಸಾಹೇಬ್ರ?" ಎಂದು ನೀವು ಕೇಳಬಹುದು. ಎರೆ ಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಗ ಬಸಿಯಗೊಡುವುದಿಲ್ಲ. ಮೇಲಿಂದ ಮೇಲೆ ಹಾಯಿಸಿದರೆ ಒಳಗಿನ ನೀರಿನ ಮಟ್ಟ ಏರುತ್ತದೆ. ಅದರೊಡನೆ ಉಪ್ಪೂ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ನೆಲದ ಮೇಲೆ ಉಳಿಯುತ್ತದೆ. ಅದೇ ಸವಳು. ಮೊದಲು ಒಂದೆರಡು ಕಡೆ ಬೀಜ ನಾಟುವುದಿಲ್ಲ, ಆಮೇಲೆ ಬಿಳಿ ಪದರು ಕಾಣುತ್ತದೆ.

ಆದ್ದರಿಂದ ಮೂರು ಮಾತು ನೆನಪಿಡಿರಿ.

ಒಂದು: ನೀರು ಬರುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿರಿ. ಜಿಪ್ಸಂ ಬೇಕೋ ಬೇಡವೋ ಎಂಬುದು ಅದರಿಂದಲೇ ತಿಳಿಯಬೇಕು.

ಎರಡು: ನೀರು ಸಿಕ್ಕಿತೆಂದು ಇದ್ದಬದ್ದ ಹೊಲಕ್ಕೆಲ್ಲ ಕಬ್ಬು ಹಚ್ಚಬೇಡಿರಿ. ಜೋಳ, ಕಡಲೆಗೆ ಸಂದಿಗ್ಧ ಹಂತದಲ್ಲಿ ಒಂದೆರಡು ಸಲ ನೀರು ಕೊಟ್ಟರೂ ಇಳುವರಿ ಏರುತ್ತದೆ. ಉಳಿದ ನೀರು ಕಾಲುವೆಯ ಕೊನೆಯ ರೈತನಿಗೆ ಮುಟ್ಟುತ್ತದೆ.

ಮೂರು: ಬಸಿಗಾಲುವೆ ತೋಡಿರಿ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ನಿಮ್ಮ ಬಸಿನೀರು ಕೆಳಗಿನ ಹೊಲದವರ ಬದುವಿನ ಗುಂಟ ಹಾಯ್ದು ಹಳ್ಳ ಸೇರಬೇಕು. ಅವರು ದಾರಿ ಕೊಡದಿದ್ದರೆ ಇಬ್ಬರ ಹೊಲವೂ ಸವಳಾಗುತ್ತದೆ. ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕೂತು, ಬಿತ್ತನೆಗೆ ಮೊದಲೇ ಇದನ್ನು ಬಗೆಹರಿಸಿಕೊಳ್ಳಿರಿ.

ಸರಕಾರ ಹೊಲದ ತನಕ ನೀರು ತಂದೀತು. ಹೆಚ್ಚಾದ ನೀರನ್ನು ಹೊಲದಾಚೆ ಕಳಿಸುವ ಕೆಲಸ ನಮ್ಮದು.