ಹಿತ್ತಲಿನಲ್ಲಿ ಕಲ್ಲಂಗಡಿ: ಬೀಜದಿಂದ ಹಣ್ಣಿನವರೆಗೆ



ಹಣ್ಣು ತಿಂದು ಬಚ್ಚಲ ನೀರು ಹರಿಯುವ ಕಡೆ ಎಸೆದ ಕಲ್ಲಂಗಡಿ ಬೀಜ ತಾನಾಗಿ ಮೊಳೆತು ಹಿತ್ತಲೆಲ್ಲ ಹಬ್ಬುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಬಳ್ಳಿ ಹುಲುಸಾಗಿರುತ್ತದೆ, ದಿನವೂ ಹಳದಿ ಹೂ ಅರಳುತ್ತವೆ. ಆದರೆ ನೆಲ್ಲಿಕಾಯಿ ಗಾತ್ರದ ಹೀಚು ಹಳದಿಯಾಗಿ ಉದುರಿಬಿಡುತ್ತದೆ. ಯಾರೋ ಬೆರಳು ತೋರಿಸಿದರು, ದೃಷ್ಟಿಯಾಯಿತು ಎಂದು ಮನೆಯವರು ಕೈಚೆಲ್ಲುತ್ತಾರೆ. ಎರಡು ತಿಂಗಳು ಹೊತ್ತು ಹಾಕಿದ ನೀರು ವ್ಯರ್ಥವಾಗುತ್ತದೆ. ಇದಕ್ಕೆ ಕಾರಣ ದೃಷ್ಟಿಯಲ್ಲ. ಬಹುಮಟ್ಟಿಗೆ ಪರಾಗಸ್ಪರ್ಶದ ಕೊರತೆ. ಇದನ್ನು ಮನೆಯವರೇ ಸರಿಪಡಿಸಬಹುದು.

ಮೊದಲು ಬೀಜದ ವಿಚಾರ. ಪೇಟೆಯಲ್ಲಿ ಸಿಗುವ ಹಣ್ಣುಗಳಲ್ಲಿ ಹೆಚ್ಚಿನವು ಸಂಕರಣ ತಳಿಗಳು. ಅವುಗಳ ಬೀಜ ಬಿತ್ತಿದರೆ ತಾಯಿಯ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಕೈತೋಟಕ್ಕೆ ಶುಗರ್ ಬೇಬಿ ತಳಿ ಅನುಕೂಲ. ಕಡುಹಸಿರು ಸಿಪ್ಪೆಯ, 3ರಿಂದ 5 ಕಿಲೋ ತೂಗುವ ಹಣ್ಣು ಸಣ್ಣ ಸಂಸಾರಕ್ಕೆ ಸಾಕು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್ ತಳಿಯ ಹಣ್ಣು ಇದಕ್ಕಿಂತ ದೊಡ್ಡದು. ಬೂದಿ ರೋಗ ಮತ್ತು ಚಿಬ್ಬು ರೋಗವನ್ನು ತಡೆದುಕೊಳ್ಳುವ ಶಕ್ತಿ ಇದಕ್ಕಿದೆ.

ಬಯಲುಸೀಮೆಯಲ್ಲಿ ಜನವರಿ, ಫೆಬ್ರವರಿ ತಿಂಗಳು ಬಿತ್ತನೆಗೆ ಸೂಕ್ತ. ಚಳಿ ಹೆಚ್ಚಿರುವಾಗ ಬೀಜ ಮೊಳೆಯದೆ ಮಣ್ಣಿನಲ್ಲೇ ಕೊಳೆಯುವ ಸಂಭವವುಂಟು. ದಿನವಿಡೀ ಬಿಸಿಲು ಬೀಳುವ, ನೀರು ಬಸಿದುಹೋಗುವ ಜಾಗ ಆರಿಸಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಆರು ಅಡಿಗೊಂದರಂತೆ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ನೆಲಕ್ಕಿಂತ ತುಸು ಎತ್ತರಕ್ಕೆ ತುಂಬಬೇಕು. ಯೂರಿಯಾ ಮಿತಿಮೀರಿದರೆ ಬಳ್ಳಿ ಸೊಕ್ಕಿ ಎಲೆಯೇ ಹೆಚ್ಚುತ್ತದೆ, ಕಾಯಿ ಕಡಿಮೆಯಾಗುತ್ತದೆ.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಗುಣಿಗೆ 4–5ರಂತೆ ಒಂದು ಅಂಗುಲ ಆಳಕ್ಕೆ ಊರಬೇಕು. ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಮೂರನೆಯ ಎಲೆ ಬಂದಾಗ ಗಟ್ಟಿಯಾದ ಎರಡು ಸಸಿ ಉಳಿಸಿ, ಉಳಿದವನ್ನು ಬೇರು ಅಲುಗದಂತೆ ಕತ್ತರಿಸಿಹಾಕಬೇಕು. ಈ ಹಂತದಲ್ಲಿ ಕೆಂಪು ದುಂಬಿ ಎಲೆ ತೂತು ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಅದು ಚುರುಕಾಗಿರುವುದಿಲ್ಲ. ಕೈಯಿಂದ ಹಿಡಿದು ಸೀಮೆಎಣ್ಣೆ ಬೆರೆತ ನೀರಿಗೆ ಹಾಕಬಹುದು. ಇಬ್ಬನಿ ಆರುವ ಮುನ್ನ ಎಲೆಗಳ ಮೇಲೆ ಒಲೆಯ ಬೂದಿ ಎರಚುವುದೂ ಉಪಯುಕ್ತ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಲ್ಲಂಗಡಿಯಲ್ಲಿ ಸಾಮಾನ್ಯವಾಗಿ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಬರುತ್ತವೆ. ಮೊದಲು ಅರಳುವವು ಗಂಡು ಹೂಗಳು. ಅವು ಉದುರುವುದು ಸಹಜ. ಹೆಣ್ಣು ಹೂವಿನ ದಳಗಳ ಕೆಳಗೆ ನವಿರಾದ ರೋಮವಿರುವ ಪುಟ್ಟ ಹೀಚು ಇರುತ್ತದೆ. ಈ ಹೂ ಅರಳಿರುವುದು ಒಂದೇ ದಿನ. ಅಷ್ಟರಲ್ಲಿ ಗಂಡು ಹೂವಿನ ಪರಾಗ ತಲುಪದಿದ್ದರೆ ಹೀಚು ಉದುರುತ್ತದೆ; ಅರೆಬರೆ ತಲುಪಿದರೆ ಕಾಯಿ ಸೊಟ್ಟಗಾಗುತ್ತದೆ. ಈ ಕೆಲಸ ಮಾಡುವುದು ಜೇನುನೊಣ. ನಾಲ್ಕಾರು ಬಳ್ಳಿಯ ಹಿತ್ತಲಿಗೆ ಜೇನು ಬರುವುದು ಕಡಿಮೆ. ಹೂ ಬಿಟ್ಟಾಗ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸಿದರೆ ಬರುವ ನೊಣವೂ ಸಾಯುತ್ತದೆ.

ಆದುದರಿಂದ ಬೆಳಿಗ್ಗೆ 6ರಿಂದ 9ರೊಳಗೆ ಅಂದೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಉಳಿದ ಕೇಸರವನ್ನು ಹೆಣ್ಣು ಹೂವಿನ ನಡುವಿನ ಮೂರು ಹೋಳಿನ ಭಾಗಕ್ಕೆ ಸುತ್ತಲೂ ಮೃದುವಾಗಿ ಸವರಬೇಕು. ಕೆಲಸ ಫಲಿಸಿದ್ದರೆ ಕೆಲವೇ ದಿನಗಳಲ್ಲಿ ಹೀಚು ಉಬ್ಬತೊಡಗುತ್ತದೆ. ಮಕ್ಕಳೂ ಮಾಡಬಹುದಾದ ಕೆಲಸವಿದು.

ಬಳ್ಳಿಗೆ ಎರಡೇ ಕಾಯಿ ಉಳಿಸುವುದು ಲೇಸು. ಹಣ್ಣಿನ ನೊಣ ಎಳೆಗಾಯಿಯಲ್ಲಿ ಮೊಟ್ಟೆಯಿಡುವುದರಿಂದ ಕಾಯಿ ಕಚ್ಚಿದೊಡನೆ ಕಾಗದದ ಇಲ್ಲವೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಹುಳುಬಿದ್ದ ಕಾಯಿಯನ್ನು ಆಳವಾಗಿ ಹೂಳಬೇಕು. ಕಾಯಿಯ ಅಡಿಗೆ ಒಣಹುಲ್ಲು ಹಾಸಬೇಕು. ಕಾಯಿ ದಪ್ಪವಾಗುವಾಗ ನೀರು ತಪ್ಪಬಾರದು. ಒಣಗಿಸಿ ಒಮ್ಮೆಲೇ ಹೆಚ್ಚು ಹಾಯಿಸಿದರೆ ಕಾಯಿ ಸೀಳುತ್ತದೆ. ಬಲಿಯುವ ಕಾಲಕ್ಕೆ ನೀರನ್ನು ಕ್ರಮವಾಗಿ ಇಳಿಸಿದರೆ ಸಿಹಿ ಕೂಡುತ್ತದೆ.

ಕಿತ್ತ ಮೇಲೆ ಕಲ್ಲಂಗಡಿಯ ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ಅವಸರ ಕೂಡದು. ಕಾಯಿಯ ತೊಟ್ಟಿನ ಬಳಿಯ ನುಲಿಬಳ್ಳಿ ಪೂರ್ತಿ ಒಣಗಿರಬೇಕು. ನೆಲಕ್ಕೆ ತಾಗಿದ ಬಿಳಿಯ ಭಾಗ ಹಳದಿಗೆ ತಿರುಗಿರಬೇಕು. ಬೆರಳಿನಿಂದ ತಟ್ಟಿದರೆ ಟಣ್ ಎನ್ನದೆ ದಬ್ ಎನ್ನಬೇಕು. ಈ ಮೂರೂ ಕೂಡಿದಾಗ ಕೊಯ್ಯಬೇಕು.

ಪಕ್ಕದಲ್ಲಿ ಸೌತೆಯೋ ಸೋರೆಯೋ ಇದ್ದರೆ ಕಲ್ಲಂಗಡಿ ಸಪ್ಪೆಯಾಗುತ್ತದೆಂಬುದು ತಪ್ಪು ತಿಳಿವಳಿಕೆ; ಇವು ಒಂದಕ್ಕೊಂದು ಬೆರಕೆಯಾಗುವುದಿಲ್ಲ. ಹತ್ತಿರದಲ್ಲಿ ಬೇರೊಂದು ಕಲ್ಲಂಗಡಿ ತಳಿಯಿದ್ದರೆ ಮಾತ್ರ ಮುಂದಿನ ವರ್ಷದ ಬೀಜ ಬೆರಕೆಯಾದೀತು. ಒಂದೇ ತಳಿ ಬೆಳೆದವರು ಒಳ್ಳೆಯ ಹಣ್ಣಿನ ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿಯೊಡನೆ ಸೀಸೆಯಲ್ಲಿ ಕಟ್ಟಿಡಬಹುದು.

ಬೆರಳು ತೋರಿಸಿದ್ದರಿಂದ ಯಾವ ಕಾಯಿಯೂ ಉದುರುವುದಿಲ್ಲ. ಬೆಳಗಿನ ಹೊತ್ತು ಅದೇ ಬೆರಳುಗಳಲ್ಲಿ ಒಂದು ಗಂಡು ಹೂ ಹಿಡಿದು ಬಳ್ಳಿಯ ಬಳಿ ಹೋದರೆ ಕಾಯಿ ನಿಲ್ಲುತ್ತದೆ. ಈ ಬೇಸಗೆಯಲ್ಲಿ ರೈತ ಕುಟುಂಬಗಳು ಇದನ್ನು ಮಾಡಿ ನೋಡಲಿ.